ಟ್ರ್ಯಾಪ್ ತಣ್ಣಗಿದ್ದರೂ ಆವಿ ಪಂಪಿಗೆ ಹೋಗುವುದೇಕೆ?

ಪ್ರಶ್ನೆ: ನಾನು ಬೆಂಗಳೂರಿನ ಕಾಲೇಜೊಂದರಲ್ಲಿ ಸಂಶೋಧನಾ ವಿದ್ಯಾರ್ಥಿನಿ. ತುಳಸಿ ಎಲೆಯ ಸಾರವನ್ನು ಮೆಥನಾಲ್ ಮತ್ತು ಡೈಕ್ಲೋರೋಮೀಥೇನ್‌ಗಳ ಸಮಪಾಲಿನ ಮಿಶ್ರಣದಲ್ಲಿ ತೆಗೆದು, ಕೊಳವೆಗಳಲ್ಲಿ ತುಂಬಿ, ನಿರ್ವಾತದಲ್ಲಿ ತಿರುಗುವ ಕಾನ್ಸನ್‌ಟ್ರೇಟರ್‌ನಲ್ಲಿ ಒಣಗಿಸುತ್ತೇನೆ. ಒಂದು ಸಲಕ್ಕೆ ಸುಮಾರು 200 ಮಿಲಿಲೀಟರ್ ದ್ರಾವಕ ಆವಿಯಾಗುತ್ತದೆ. ಯಂತ್ರಕ್ಕೂ ಆಯಿಲ್ ಪಂಪಿಗೂ ನಡುವೆ ಮೈನಸ್ 50 ಡಿಗ್ರಿಯ ಕೋಲ್ಡ್ ಟ್ರ್ಯಾಪ್, ಅಂದರೆ ಆವಿಯನ್ನು ತಣ್ಣಗಾಗಿಸಿ ಹಿಡಿದಿಡುವ ಪಾತ್ರೆ, ಇದೆ. ಆದರೆ ಅದರಲ್ಲಿ ಸಿಗುವುದು 60 ಮಿಲಿಲೀಟರ್ ಮಾತ್ರ. ನಿರ್ವಾತದ ಗೇಜು ಪಾದರಸದ 670 ಮಿಲಿಮೀಟರ್ ತೋರಿಸುತ್ತದೆ, ಅಂದರೆ ನಿರ್ವಾತ ಸಾಲದು ಎನಿಸುತ್ತದೆ. ಒಂದೇ ತಿಂಗಳಲ್ಲಿ ಪಂಪಿನ ಎಣ್ಣೆ ನೀರಿನಂತೆ ತೆಳುವಾಗಿದೆ. ದ್ರವ ಸಾರಜನಕ ಬಳಸಿದರೆ ಸರಿಹೋಗುತ್ತದೆಯೇ? ಟ್ರ್ಯಾಪಿನಲ್ಲಿ ಸೇರಿದ ದ್ರವವನ್ನು ಹಾಗೆಯೇ ಚೆಲ್ಲಬಹುದೇ?

ಉತ್ತರ: ನಿಮ್ಮ ಟ್ರ್ಯಾಪ್ ಕೆಟ್ಟಿಲ್ಲ. ಮೈನಸ್ 50 ಡಿಗ್ರಿಯಲ್ಲಿ ಅದು ಮಾಡಬಹುದಾದಷ್ಟು ಕೆಲಸವನ್ನು ಮಾಡುತ್ತಿದೆ. ತೊಂದರೆ ಇರುವುದು ನೀವು ಪಂಪನ್ನು ಪೂರ್ತಿ ಎಳೆಯಲು ಬಿಟ್ಟಿರುವುದರಲ್ಲಿ. ಆದ್ದರಿಂದ ದ್ರವ ಸಾರಜನಕ ತರಿಸುವ ಮೊದಲು ಒತ್ತಡವನ್ನು ಹಿಡಿತಕ್ಕೆ ತಂದುಕೊಳ್ಳಿ. ಬಹುಪಾಲು ತೊಂದರೆ ಅಲ್ಲಿಯೇ ಕಳೆಯುತ್ತದೆ.

ಬೇಸಿಗೆಯಲ್ಲಿ ತಣ್ಣೀರು ತುಂಬಿದ ಚೊಂಬಿನ ಹೊರಮೈ ಬೆವರುವುದನ್ನು ಎಲ್ಲರೂ ನೋಡಿದ್ದೇವೆ. ಕೋಲ್ಡ್ ಟ್ರ್ಯಾಪ್ ಕೆಲಸ ಮಾಡುವುದೂ ಹಾಗೆಯೇ. ಆದರೆ ತಣ್ಣನೆಯ ಮೇಲ್ಮೈ ತಗುಲಿದ ಮಾತ್ರಕ್ಕೆ ಆವಿ ದ್ರವವಾಗುವುದಿಲ್ಲ. ಟ್ರ್ಯಾಪಿನ ಉಷ್ಣತೆಯಲ್ಲಿ ಆ ದ್ರಾವಕಕ್ಕೆ ಇರುವ ಆವಿಯ ಒತ್ತಡಕ್ಕಿಂತ (ದ್ರವದಿಂದ ಮೇಲೇಳುವ ಆವಿ ತಾನೇ ಒಡ್ಡುವ ಒತ್ತಡ), ವ್ಯವಸ್ಥೆಯೊಳಗೆ ಅದೇ ಆವಿಯ ಪಾಲಿನ ಒತ್ತಡ ಹೆಚ್ಚಿದ್ದರೆ ಮಾತ್ರ ಅದು ದ್ರವವಾಗಿ ಅಥವಾ ಮಂಜಾಗಿ ಕೂರುತ್ತದೆ. ಒತ್ತಡ ಅದಕ್ಕಿಂತ ಕೆಳಗಿಳಿದರೆ, ಹೊಸ ಆವಿ ಹಿಡಿಯಲ್ಪಡದೆ ದಾಟಿಹೋಗುವುದಷ್ಟೇ ಅಲ್ಲ, ಆಗಲೇ ಹಿಡಿದಿಟ್ಟಿದ್ದ ದ್ರವವೂ ಮತ್ತೆ ಕುದಿದು ಪಂಪಿನ ದಾರಿ ಹಿಡಿಯುತ್ತದೆ. ಹೀಗಾಗಿ ಟ್ರ್ಯಾಪ್ ಎಷ್ಟು ತಣ್ಣಗಿದೆ ಎಂಬುದನ್ನು ಒಂದನ್ನೇ ಕೇಳಿ ಪ್ರಯೋಜನವಿಲ್ಲ. ಯಾವ ದ್ರಾವಕಕ್ಕೆ, ಯಾವ ಒತ್ತಡದಲ್ಲಿ ಎಂಬುದನ್ನೂ ಜೊತೆಗೆ ಕೇಳಬೇಕು.

ನಿಮ್ಮ ಅಂಕಿಗಳನ್ನೇ ಇಟ್ಟು ನೋಡೋಣ. ಮೈನಸ್ 50 ಡಿಗ್ರಿಯಲ್ಲಿ ನೀರ್ಗಲ್ಲಿನ ಆವಿಯ ಒತ್ತಡ ಸುಮಾರು 0.04 ಮಿಲಿಬಾರ್. ಇಂತಹ ಟ್ರ್ಯಾಪುಗಳು ಮುಖ್ಯವಾಗಿ ನೀರನ್ನು ಹಿಡಿಯಲೆಂದೇ, ಅದರಲ್ಲೂ ಫ್ರೀಜ್ ಡ್ರೈಯಿಂಗ್ (ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸುವ) ಕೆಲಸಕ್ಕೆ, ಹೇಳಿ ಮಾಡಿಸಿದಂತಿವೆ. ಅದೇ ಉಷ್ಣತೆಯಲ್ಲಿ ಮೆಥನಾಲಿನ ಆವಿಯ ಒತ್ತಡ ಒಂದು ಮಿಲಿಬಾರ್‌ಗೆ ಸಮೀಪ. ಡೈಕ್ಲೋರೋಮೀಥೇನ್‌ನದು ಸುಮಾರು 8 ಮಿಲಿಬಾರ್. ಆರೋಗ್ಯವಾಗಿರುವ ಆಯಿಲ್ ಪಂಪು 0.1 ಮಿಲಿಬಾರ್‌ಗಿಂತಲೂ ಕೆಳಗೆ ಎಳೆಯಬಲ್ಲದು. ಅಂದರೆ ನೀವು ಪಂಪನ್ನು ಕಟ್ಟಿಲ್ಲದೆ ಓಡಿಸಿದಾಗ ನೀರನ್ನು ಟ್ರ್ಯಾಪ್ ಹಿಡಿದಿಟ್ಟುಕೊಳ್ಳುತ್ತದೆ, ಮೆಥನಾಲನ್ನು ಅರೆಬರೆ ಹಿಡಿಯುತ್ತದೆ, ಡೈಕ್ಲೋರೋಮೀಥೇನ್‌ಗೆ ಮಾತ್ರ ಅದು ಬಾಗಿಲು ತೆರೆದಿಟ್ಟ ಮನೆಯಂತೆ. ಎರಡೂ ದ್ರಾವಕಗಳು ಟ್ರ್ಯಾಪಿನಲ್ಲಿ ಬೆರೆತಾಗ ಡೈಕ್ಲೋರೋಮೀಥೇನ್‌ನ ಆವಿಯ ಒತ್ತಡ ಸ್ವಲ್ಪ ಇಳಿಯುವುದು ನಿಜ. ಆದರೆ ಪಂಪಿನ ಎಳೆತದ ಮುಂದೆ ಆ ಇಳಿಕೆ ಲೆಕ್ಕಕ್ಕೆ ಬರುವಷ್ಟಿಲ್ಲ.

ಇದು ನಿಜವೇ ಎಂದು ನೀವೇ ಪರೀಕ್ಷಿಸಬಹುದು, ಅದಕ್ಕೆ ತಕ್ಕಡಿಯೊಂದು ಸಾಕು. ಟ್ರ್ಯಾಪಿನ ದ್ರವವನ್ನು ಕೊಠಡಿಯ ಉಷ್ಣತೆಗೆ ತಂದು, ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಗೂಡು) ಒಳಗೆ 10 ಮಿಲಿಲೀಟರ್ ಅಳೆದು, ಮುಚ್ಚಳವಿರುವ ಸೀಸೆಯಲ್ಲಿ ತೂಗಿ. ಮೆಥನಾಲಿನ ಸಾಂದ್ರತೆ ಮಿಲಿಲೀಟರಿಗೆ 0.79 ಗ್ರಾಂ, ಡೈಕ್ಲೋರೋಮೀಥೇನ್‌ನದು 1.33 ಗ್ರಾಂ. ತೂಕ 8 ಗ್ರಾಂ ಆಸುಪಾಸಿನಲ್ಲಿದ್ದರೆ ನಿಮ್ಮಲ್ಲಿ ಉಳಿದಿರುವುದು ಹೆಚ್ಚುಕಡಿಮೆ ಮೆಥನಾಲ್ ಮಾತ್ರ. ಸಮಪಾಲಿನ ಮಿಶ್ರಣವಾಗಿದ್ದರೆ ಅದು ಹತ್ತೂವರೆ ಗ್ರಾಂ ದಾಟುತ್ತಿತ್ತು. ನನ್ನ ಅಂದಾಜಿನಲ್ಲಿ ನಿಮಗೆ ಸಿಗುವುದು ಮೊದಲ ಅಂಕಿಯೇ. ಮುಂದೆಯೂ ಪ್ರತಿ ಸಲ ಕೊಳವೆಗಳನ್ನು ಒಣಗಿಸುವ ಮೊದಲು ಮತ್ತು ನಂತರ ತೂಗಿ, ಟ್ರ್ಯಾಪಿನ ದ್ರವದ ತೂಕವನ್ನೂ ಪುಸ್ತಕದಲ್ಲಿ ಬರೆದಿಡಿ. ಎರಡರ ನಡುವಿನ ವ್ಯತ್ಯಾಸವೆಂದರೆ ಪಂಪಿನೊಳಗೆ ಅಥವಾ ಕೊಠಡಿಯ ಗಾಳಿಗೆ ಹೋದ ಪಾಲು. ಟ್ರ್ಯಾಪಿನ ಆರೋಗ್ಯವನ್ನು ಇದಕ್ಕಿಂತ ನೇರವಾಗಿ ಹೇಳುವ ಅಳತೆ ನನಗೆ ಗೊತ್ತಿಲ್ಲ.

ಇನ್ನು ಗೇಜಿನ ವಿಷಯ. 670 ಎಂಬ ಅಂಕಿಯನ್ನು 760ರ ಎದುರು ಇಟ್ಟು, ಇನ್ನೂ 90 ಮಿಲಿಮೀಟರ್ ಉಳಿದಿದೆ ಎಂದು ನೀವು ಭಾವಿಸಿದಂತಿದೆ. ಮುಳ್ಳಿನ ಗೇಜು ಹೊರಗಿನ ವಾತಾವರಣದ ಒತ್ತಡಕ್ಕೂ ಒಳಗಿನ ಒತ್ತಡಕ್ಕೂ ಇರುವ ಅಂತರವನ್ನು ತೋರಿಸುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ವಾತಾವರಣದ ಒತ್ತಡವೇ ಸುಮಾರು 910 ಮಿಲಿಬಾರ್, ಅಂದರೆ ಪಾದರಸದ 680 ಮಿಲಿಮೀಟರ್ ಆಸುಪಾಸು. ಮಂಗಳೂರಿನಲ್ಲಿ 760ರ ಹತ್ತಿರ ಹೋಗುವ ಮುಳ್ಳು ಬೆಂಗಳೂರಿನಲ್ಲಿ ಎಷ್ಟೇ ಒಳ್ಳೆಯ ಪಂಪು ಕಟ್ಟಿದರೂ 680 ದಾಟಲಾರದು. ನಿಮ್ಮ 670 ಎಂದರೆ ಒಳಗೆ ಉಳಿದಿರುವುದು 10 ಮಿಲಿಮೀಟರ್ ಅಷ್ಟೇ. ಮುಳ್ಳಿನ ಗೇಜಿನ ತಪ್ಪೇ ಅಷ್ಟಿರುವುದರಿಂದ ನಿಜವಾದ ಒತ್ತಡ 15 ಮಿಲಿಬಾರೋ 1 ಮಿಲಿಬಾರೋ ಎಂದು ಅದನ್ನು ನೋಡಿ ಹೇಳಲು ಬರುವುದಿಲ್ಲ. ನಮಗೆ ಬೇಕಾದ ನಿರ್ಧಾರಗಳೆಲ್ಲ ಇರುವುದು ಸರಿಯಾಗಿ ಆ ಎರಡು ಅಂಕಿಗಳ ನಡುವೆ. ಹಾಗಾಗಿ ದುಡ್ಡು ಖರ್ಚು ಮಾಡುವುದಿದ್ದರೆ ಮೊದಲು ನಿರಪೇಕ್ಷ ಒತ್ತಡವನ್ನು ಮಿಲಿಬಾರ್‌ನಲ್ಲಿ ತೋರಿಸುವ ಡಿಜಿಟಲ್ ಗೇಜಿಗೆ, ಸಾಧ್ಯವಾದರೆ ನಿರ್ವಾತ ನಿಯಂತ್ರಕಕ್ಕೆ ಮಾಡಿ. ಟ್ರ್ಯಾಪನ್ನು ಬದಲಿಸುವುದು ಆಮೇಲಿನ ಮಾತು.

ಗೇಜು ಬಂದ ಮೇಲೆ ಮಾಡಬೇಕಾದುದು ಇಷ್ಟು. ಯಂತ್ರ ಆರಂಭಿಸುವ ಅರ್ಧ ಗಂಟೆ ಮೊದಲೇ ಟ್ರ್ಯಾಪನ್ನು ಚಾಲೂ ಮಾಡಿ, ಅದು ತನ್ನ ಕೊನೆಯ ಉಷ್ಣತೆಗೆ ಇಳಿದ ಮೇಲೆಯೇ ನಿರ್ವಾತ ಕೊಡಿ. ಕೊಳವೆಗಳನ್ನು ತಿರುಗಿಸುವ ರೋಟರ್ ಪೂರ್ತಿ ವೇಗಕ್ಕೆ ಬಂದ ನಂತರ ಒತ್ತಡವನ್ನು 300 ಮಿಲಿಬಾರ್‌ಗೆ ತಂದು, ಅಲ್ಲಿಂದ ನಿಧಾನವಾಗಿ 100ಕ್ಕೆ ಇಳಿಸಿ. ಈ ಹಂತದಲ್ಲಿ ಡೈಕ್ಲೋರೋಮೀಥೇನ್ ಕೊಳವೆ ಬಿಟ್ಟು ಹೊರಡುತ್ತದೆ. 100 ಮಿಲಿಬಾರ್‌ನಲ್ಲಿ ಅದು ಕುದಿಯುವುದೇ ಸೊನ್ನೆಗಿಂತ ಹತ್ತು ಡಿಗ್ರಿಯಷ್ಟು ಕೆಳಗೆ. ಆದ್ದರಿಂದ ಇದಕ್ಕಿಂತ ಆಳವಾದ ನಿರ್ವಾತದ ಅಗತ್ಯವೇ ಇಲ್ಲ; ಆತುರಪಟ್ಟರೆ ದ್ರವ ಚಿಮ್ಮಿ ಪಕ್ಕದ ಕೊಳವೆಗೆ ಬೀಳುವ ಅಪಾಯವೂ ಇದೆ. ನಂತರ 100ರಿಂದ 40ರವರೆಗೆ ಮೆಥನಾಲಿನ ಹಂತ. 50 ಮಿಲಿಬಾರ್‌ನಲ್ಲಿ ಮೆಥನಾಲ್ ಸುಮಾರು 4 ಡಿಗ್ರಿಯಲ್ಲಿ ಕುದಿಯುತ್ತದೆ, ಯಂತ್ರದ ಒಳಕೋಣೆಯನ್ನು 35 ಡಿಗ್ರಿಗೆ ಬಿಸಿ ಮಾಡಿಟ್ಟಿದ್ದರೆ ಕೆಲಸ ಚುರುಕಾಗಿಯೇ ಸಾಗುತ್ತದೆ. ಈ ಇಡೀ ಅವಧಿಯಲ್ಲಿ ಒತ್ತಡವು ಟ್ರ್ಯಾಪಿನಲ್ಲಿರುವ ದ್ರವದ ಆವಿಯ ಒತ್ತಡಕ್ಕಿಂತ ಹಲವು ಪಟ್ಟು ಮೇಲಿರುವುದರಿಂದ ಹಿಡಿದದ್ದು ಹಿಡಿದಲ್ಲೇ ಉಳಿಯುತ್ತದೆ.

ಕೊನೆಗೆ ತಳದಲ್ಲಿ ಉಳಿದ ತೆಳು ಪದರವನ್ನು ಒಣಗಿಸಲು ಒಂದೆರಡು ಮಿಲಿಬಾರ್‌ಗೆ ಇಳಿಯಲೇಬೇಕಾಗುತ್ತದೆ. ಬಹುತೇಕರು ತಪ್ಪುವುದು ಇಲ್ಲಿ. ಟ್ರ್ಯಾಪಿನಲ್ಲಿ 150 ಮಿಲಿಲೀಟರ್ ದ್ರವ ಇಟ್ಟುಕೊಂಡೇ ಪಂಪನ್ನು ಪೂರ್ತಿ ಬಿಟ್ಟರೆ, ಒಂದು ಗಂಟೆ ಜೋಪಾನವಾಗಿ ಕೂಡಿಸಿದ್ದನ್ನೆಲ್ಲ ಹತ್ತು ನಿಮಿಷದಲ್ಲಿ ನಾವೇ ಪಂಪಿಗೆ ಕುಡಿಸಿದಂತಾಗುತ್ತದೆ. ಆದ್ದರಿಂದ ಆ ಹಂತಕ್ಕೆ ಮೊದಲು ಯಂತ್ರ ನಿಲ್ಲಿಸಿ, ಗಾಳಿ ಬಿಟ್ಟು, ಟ್ರ್ಯಾಪನ್ನು ಖಾಲಿ ಮಾಡಿ, ಮತ್ತೆ ತಣ್ಣಗಾಗಿಸಿ ಮುಂದುವರಿಯಿರಿ.

ನಿಯಂತ್ರಕ ಕೊಳ್ಳಲಾಗದವರು ಸೂಜಿ ಕವಾಟದಿಂದ ಸ್ವಲ್ಪ ಗಾಳಿ ಬಿಟ್ಟು ಒತ್ತಡವನ್ನು ಹಿಡಿದಿಡುವುದುಂಟು. ಅದು ಒಪ್ಪತಕ್ಕ ಉಪಾಯವೇ. ಆದರೆ ಆ ಕವಾಟವನ್ನು ಟ್ರ್ಯಾಪಿಗೂ ಪಂಪಿಗೂ ನಡುವೆ ಕೂರಿಸಿ, ಯಂತ್ರದ ಕಡೆ ಎಂದಿಗೂ ಬೇಡ. ಟ್ರ್ಯಾಪಿನ ಮೂಲಕ ಹಾದುಹೋಗುವ ಪ್ರತಿ ಲೀಟರ್ ಗಾಳಿಯೂ ಅಲ್ಲಿಯ ಆವಿಯ ಒತ್ತಡಕ್ಕೆ ತಕ್ಕಷ್ಟು ದ್ರಾವಕವನ್ನು ಹೊತ್ತೊಯ್ಯುತ್ತದೆ. ಒಟ್ಟು ಒತ್ತಡ 50 ಮಿಲಿಬಾರ್ ಇದ್ದು ಡೈಕ್ಲೋರೋಮೀಥೇನ್‌ನ ಆವಿಯ ಒತ್ತಡ 8 ಇದ್ದರೆ, 42 ಪಾಲು ಗಾಳಿಯ ಜೊತೆ 8 ಪಾಲು ಆವಿ ಹೊರಟಿತೆಂದೇ ಲೆಕ್ಕ. ಮುಚ್ಚಳದ ಗ್ಯಾಸ್ಕೆಟ್ ಸವೆದು ಸಣ್ಣಗೆ ಗಾಳಿ ನುಗ್ಗುತ್ತಿದ್ದರೂ ಇದೇ ನಷ್ಟ ಸದ್ದಿಲ್ಲದೆ ಆಗುತ್ತಿರುತ್ತದೆ. ಖಾಲಿ ಯಂತ್ರವನ್ನು ನಿರ್ವಾತಕ್ಕೆ ತಂದು, ಪಂಪಿನ ಕಡೆಯ ಕವಾಟ ಮುಚ್ಚಿ, ಒತ್ತಡ ಎಷ್ಟು ಬೇಗ ಏರುತ್ತದೆ ಎಂದು ವಾರಕ್ಕೊಮ್ಮೆ ನೋಡುವ ಅಭ್ಯಾಸ ಒಳ್ಳೆಯದು. ಡೈಕ್ಲೋರೋಮೀಥೇನ್ ರಬ್ಬರನ್ನು ಉಬ್ಬಿಸುತ್ತದೆ ಎಂಬುದೂ ನೆನಪಿರಲಿ.

ಉಷ್ಣತೆಯ ಜೊತೆಗೆ ಟ್ರ್ಯಾಪಿನ ಶಕ್ತಿಯನ್ನೂ ಲೆಕ್ಕ ಹಾಕಬೇಕು, ಏಕೆಂದರೆ ಆವಿ ದ್ರವವಾಗುವಾಗ ತನ್ನ ಗುಪ್ತೋಷ್ಣವನ್ನೆಲ್ಲ ಅಲ್ಲಿಯೇ ಬಿಡುತ್ತದೆ. 100 ಮಿಲಿಲೀಟರ್ ಡೈಕ್ಲೋರೋಮೀಥೇನ್‌ನಿಂದ ಸುಮಾರು 45 ಕಿಲೋಜೂಲ್, 100 ಮಿಲಿಲೀಟರ್ ಮೆಥನಾಲಿನಿಂದ ಸುಮಾರು 92 ಕಿಲೋಜೂಲ್ ಬರುತ್ತದೆ. ಒಂದು ಗಂಟೆಗೆ ಹಂಚಿದರೆ ಇದು ಸರಾಸರಿ 40 ವಾಟ್ ಕೂಡ ಆಗುವುದಿಲ್ಲ. ಆದರೆ ಡೈಕ್ಲೋರೋಮೀಥೇನ್ ಅಷ್ಟೂ ಮೊದಲ ಹತ್ತು ನಿಮಿಷದಲ್ಲೇ ನುಗ್ಗಿ ಬಂದರೆ ಆ ಹೊತ್ತಿಗೆ 75 ವಾಟ್ ಆಗುತ್ತದೆ. ಕಂಪ್ರೆಸರ್‌ನಿಂದ ತಣ್ಣಗಾಗುವ ಟ್ರ್ಯಾಪುಗಳಲ್ಲಿ ಉಷ್ಣತೆ ಇಳಿದಷ್ಟೂ ಶಾಖ ಎಳೆಯುವ ಶಕ್ತಿ ಕುಗ್ಗುತ್ತದೆ. ಖಾಲಿ ಇದ್ದಾಗ ಮೈನಸ್ 50 ತೋರಿಸುವ ಯಂತ್ರ ಹೊರೆ ಬಿದ್ದಾಗ ಮೈನಸ್ 35ಕ್ಕೆ ಏರಿ ಕೂತಿರುವುದು ಅಪರೂಪವಲ್ಲ. ಒಣಗಿಸುವಾಗ ಟ್ರ್ಯಾಪಿನ ಉಷ್ಣತೆಯನ್ನು ಐದೈದು ನಿಮಿಷಕ್ಕೆ ಬರೆದುಕೊಳ್ಳಿ. ಅದು ಏರುತ್ತಿದ್ದರೆ ಒತ್ತಡವನ್ನು ಇನ್ನೂ ನಿಧಾನವಾಗಿ ಇಳಿಸಬೇಕು.

ಇಷ್ಟಾದ ಮೇಲೂ ಹೆಚ್ಚು ತಂಪು ಬೇಕೆನಿಸಿದರೆ ನನ್ನ ಆಯ್ಕೆ ಡ್ರೈ ಐಸ್, ಅಂದರೆ ಘನರೂಪದ ಇಂಗಾಲದ ಡೈಆಕ್ಸೈಡ್. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಡ್ರೈ ಐಸ್ ತುಂಡುಗಳನ್ನು ಸ್ವಲ್ಪಸ್ವಲ್ಪವಾಗಿ ಹಾಕಿದರೆ ಟ್ರ್ಯಾಪನ್ನು ಮುಳುಗಿಸಿಡಲು ಮೈನಸ್ 78 ಡಿಗ್ರಿಗೆ ಸಮೀಪದ ತಂಪು ದ್ರವದ ಸ್ನಾನ ಸಿದ್ಧವಾಗುತ್ತದೆ. ಒಮ್ಮೆಲೇ ಸುರಿದರೆ ಅದು ಉಕ್ಕಿ ಕೈಮೇಲೆ ಚೆಲ್ಲುತ್ತದೆ. ಈ ಉಷ್ಣತೆಯಲ್ಲಿ ಡೈಕ್ಲೋರೋಮೀಥೇನ್‌ನ ಆವಿಯ ಒತ್ತಡ ಒಂದು ಮಿಲಿಬಾರ್‌ಗಿಂತ ಕೆಳಗೆ ಬರುತ್ತದೆ. ನಿಮ್ಮ 200 ಮಿಲಿಲೀಟರ್ ದ್ರಾವಕವನ್ನು ದ್ರವವಾಗಿಸಿ ಅಷ್ಟು ತಣ್ಣಗಾಗಿಸಲು ಲೆಕ್ಕದ ಪ್ರಕಾರ ಸುಮಾರು 300 ಗ್ರಾಂ ಡ್ರೈ ಐಸ್ ಸಾಕು. ಸ್ನಾನವನ್ನು ತಣ್ಣಗಾಗಿಸಲು ಮತ್ತು ಹೊರಗಿನಿಂದ ಸೋರಿ ಬರುವ ಶಾಖಕ್ಕೆ ಸೇರಿಸಿ ಒಂದೂವರೆ ಕಿಲೋ ಇಟ್ಟುಕೊಳ್ಳಿ. ಒಂದು ಕಿಲೋ ಡ್ರೈ ಐಸ್ ಐನೂರು ಲೀಟರಿಗೂ ಹೆಚ್ಚು ಅನಿಲವಾಗುವುದರಿಂದ ಮುಚ್ಚಿದ ಚಿಕ್ಕ ಕೋಣೆಯಲ್ಲಿ ಈ ಕೆಲಸ ಕೂಡದು, ಡ್ರೈ ಐಸನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಲೂ ಕೂಡದು. ಎರಡೂ ದ್ರಾವಕಗಳು ಹೆಪ್ಪುಗಟ್ಟುವುದು ಮೈನಸ್ 97 ಡಿಗ್ರಿಯ ಆಸುಪಾಸಿನಲ್ಲಾದ್ದರಿಂದ ಮೈನಸ್ 78ರಲ್ಲಿಯೂ ಅವು ದ್ರವವಾಗಿಯೇ ಇರುತ್ತವೆ. ಮಟ್ಟ ಏರಿ ಒಳಗಿನ ಕೊಳವೆಯ ಬಾಯಿ ಮುಟ್ಟದಂತೆ ನೋಡಿಕೊಳ್ಳಬೇಕು.

ಗಾಜಿನ ಟ್ರ್ಯಾಪಿನಲ್ಲಿ ಆವಿ ಯಾವ ಕಡೆಯಿಂದ ಒಳಬರಬೇಕು ಎಂಬ ಬಗ್ಗೆ ಗೊಂದಲ ಬಹಳ. ಆವಿ ಪಕ್ಕದ ಕೊಳವೆಯಿಂದ ಹೊರಸುತ್ತಿನ ಅಗಲವಾದ ಜಾಗಕ್ಕೆ ಬರಲಿ, ಪಂಪು ನಡುವಿನ ಕೊಳವೆಗೆ ಸೇರಿರಲಿ. ತಿರುಗಾಮುರುಗಾ ಜೋಡಿಸಿದರೆ ಸಾರದಲ್ಲಿರುವ ನೀರು ಕಿರಿದಾದ ನಡುಕೊಳವೆಯಲ್ಲೇ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಆಗ ಪಂಪಿನ ಕಡೆಯ ಗೇಜು ಅತ್ಯುತ್ತಮ ನಿರ್ವಾತ ತೋರಿಸುತ್ತಿದ್ದರೂ ಕೊಳವೆಗಳು ಒಣಗುವುದೇ ಇಲ್ಲ.

ಈಗ ದ್ರವ ಸಾರಜನಕದ ಮಾತು. ಅದರ ಕುದಿಬಿಂದು ಮೈನಸ್ 196 ಡಿಗ್ರಿ, ಆಮ್ಲಜನಕದ್ದು ಮೈನಸ್ 183. ದ್ರವ ಸಾರಜನಕದಲ್ಲಿ ಮುಳುಗಿದ ಟ್ರ್ಯಾಪಿನೊಳಗೆ ವಾತಾವರಣದ ಒತ್ತಡದ ಗಾಳಿ ಹೋದರೆ, ಅದರ ಆಮ್ಲಜನಕ ತಿಳಿನೀಲಿ ದ್ರವವಾಗಿ, ಅಲ್ಲಿರುವ ಸಾವಯವ ದ್ರಾವಕದ ಮೇಲೆಯೇ ಕೂಡುತ್ತದೆ. ಆ ಜೋಡಿ ಸ್ಫೋಟಕ. ಇಲ್ಲಿಯೂ ನಾನು ಮೊದಲು ಹೇಳಿದ ನಿಯಮವೇ ನಡೆಯುತ್ತದೆ: ಆ ಉಷ್ಣತೆಯಲ್ಲಿ ಆಮ್ಲಜನಕದ ಆವಿಯ ಒತ್ತಡ ಸುಮಾರು 200 ಮಿಲಿಬಾರ್ ಇರುವುದರಿಂದ ಒಳ್ಳೆಯ ನಿರ್ವಾತ ಇರುವವರೆಗೆ ಅದು ನಿಲ್ಲದೆ ದಾಟಿಹೋಗುತ್ತದೆ. ಅಪಾಯ ಬರುವುದು ಪಂಪು ನಿಂತಾಗ, ಕರೆಂಟ್ ಹೋದಾಗ, ಯಾರೋ ಕವಾಟ ತೆರೆದಿಟ್ಟು ಊಟಕ್ಕೆ ಹೋದಾಗ. ಆದ್ದರಿಂದ ಮೊದಲು ನಿರ್ವಾತ ಕೊಟ್ಟು, ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಸಾರಜನಕದ ಡ್ಯೂವರ್ ಪಾತ್ರೆಯನ್ನು (ಥರ್ಮಾಸಿನಂತಹ ಜೋಡಿಗೋಡೆಯ ಪಾತ್ರೆ) ಏರಿಸಬೇಕು. ಮುಗಿಸುವಾಗ ಮೊದಲು ಅದನ್ನು ಇಳಿಸಿ, ಕೂಡಲೇ ಟ್ರ್ಯಾಪನ್ನು ಹೊರಗಿನ ಗಾಳಿಗೆ ತೆರೆಯಬೇಕು. ತಣ್ಣಗಿರುವ ಟ್ರ್ಯಾಪನ್ನು ಎರಡೂ ಕಡೆ ಮುಚ್ಚಿ ಬೆಚ್ಚಗಾಗಲು ಬಿಟ್ಟರೆ, ದ್ರವವಾಗಿ ಕೂತಿದ್ದ ಅನಿಲ ನೂರಾರು ಪಟ್ಟು ಹಿಗ್ಗಿ ಗಾಜನ್ನು ಸಿಡಿಸುತ್ತದೆ. ಆರ್ಗಾನ್ ಬಳಸುವವರಿಗೂ ಇದೇ ಎಚ್ಚರಿಕೆ, ಅದು ಮೈನಸ್ 186ರಲ್ಲೇ ದ್ರವವಾಗುತ್ತದೆ. ಒಂದು ವೇಳೆ ನೀಲಿ ದ್ರವ ಕಂಡರೆ ಗಾಬರಿಯಿಂದ ಡ್ಯೂವರ್ ಕಿತ್ತು ತೆಗೆಯಬೇಡಿ, ಯಾವ ಕವಾಟವನ್ನೂ ಮುಚ್ಚಬೇಡಿ. ಹುಡ್‌ನ ಗಾಜಿನ ಪರದೆ ಇಳಿಸಿ, ಎಲ್ಲರನ್ನೂ ಹೊರಗೆ ಕಳಿಸಿ, ಸುರಕ್ಷತೆಯ ಹೊಣೆ ಹೊತ್ತವರನ್ನು ಕರೆಯಿರಿ. ಒಬ್ಬರೇ ಇರುವ ಸಂಜೆಯ ಹೊತ್ತಿನಲ್ಲಿ ಈ ಕೆಲಸವನ್ನು ಹಚ್ಚಿಕೊಳ್ಳಲೇಬಾರದು.

ದ್ರವ ಸಾರಜನಕಕ್ಕೆ ತಕ್ಕ ಜಾಗ ಇಲ್ಲವೆಂದಲ್ಲ. ಹಳೆಯ ವಸ್ತುಗಳ ವಯಸ್ಸು ತಿಳಿಯುವ ಇಂಗಾಲ-14 ಕಾಲನಿರ್ಣಯಕ್ಕೆ ಮಾದರಿ ಸಿದ್ಧಪಡಿಸುವವರನ್ನು ನೋಡಿ. ಮಾದರಿಯನ್ನು ಸುಟ್ಟಾಗ ಬರುವ ಅನಿಲವನ್ನು ಅವರು ಮೊದಲು ಡ್ರೈ ಐಸ್ ಮತ್ತು ಆಲ್ಕೋಹಾಲಿನ ಟ್ರ್ಯಾಪಿನ ಮೂಲಕ ಹಾಯಿಸುತ್ತಾರೆ. ಅಲ್ಲಿ ನೀರು ನಿಲ್ಲುತ್ತದೆ. ಇಂಗಾಲದ ಡೈಆಕ್ಸೈಡ್‌ಗೆ ಆ ಉಷ್ಣತೆಯಲ್ಲಿ ವಾತಾವರಣದಷ್ಟೇ ಆವಿಯ ಒತ್ತಡ ಇರುವುದರಿಂದ ಅದು ದಾಟುತ್ತದೆ. ಮುಂದಿನ ಟ್ರ್ಯಾಪ್ ದ್ರವ ಸಾರಜನಕದಲ್ಲಿರುತ್ತದೆ, ಅಲ್ಲಿ ಡೈಆಕ್ಸೈಡ್ ಬಿಳಿ ಹಿಮವಾಗಿ ಕೂರುತ್ತದೆ, ಹೆಪ್ಪುಗಟ್ಟದ ಉಳಿದ ಅನಿಲಗಳನ್ನು ಪಂಪು ಎಳೆದುಬಿಡುತ್ತದೆ. ಎರಡು ಉಷ್ಣತೆಗಳ ನಡುವೆ ಒಂದು ವಸ್ತುವನ್ನು ಹೀಗೆ ಸೋಸಿ ತೆಗೆಯುವುದನ್ನು ಮೊದಲ ಸಲ ಕಂಡಾಗ ನನಗಾದ ಸಂತೋಷ ಇಂದಿಗೂ ನೆನಪಿದೆ. ಅಲ್ಲಿ ಟ್ರ್ಯಾಪ್ ಹಿಡಿಯುವುದು ಮಾದರಿಯನ್ನೇ. ನಿಮ್ಮ ಟ್ರ್ಯಾಪಿಗೆ ಇರುವುದು ಪಂಪನ್ನು ಕಾಯುವ ಕೆಲಸ, ಅದಕ್ಕೆ ಅಷ್ಟು ತಂಪು ಬೇಕಿಲ್ಲ.

ಪಂಪಿನ ಎಣ್ಣೆಯನ್ನು ಈಗಲೇ ಬದಲಿಸಿ. ಪಂಪು ಬಿಸಿಯಾಗಿರುವಾಗ ಬಸಿದು, ಹೊಸ ಎಣ್ಣೆಯಿಂದ ಒಮ್ಮೆ ತೊಳೆದು, ಮತ್ತೆ ತುಂಬಿ. ಕ್ಲೋರಿನ್ ಇರುವ ದ್ರಾವಕ ಸೇರಿದ ಹಳೆಯ ಎಣ್ಣೆಯನ್ನು ಬೇರೆ ಎಣ್ಣೆಯೊಂದಿಗೆ ಬೆರೆಸದೆ ಪ್ರತ್ಯೇಕ ತ್ಯಾಜ್ಯವಾಗಿ ಇಡಿ. ಪ್ರತಿ ಸಲ ಕೆಲಸದ ಮೊದಲೂ ನಂತರವೂ ಅರ್ಧ ಗಂಟೆ ಗ್ಯಾಸ್ ಬ್ಯಾಲಸ್ಟ್ (ಪಂಪಿನೊಳಕ್ಕೆ ಸ್ವಲ್ಪ ಗಾಳಿ ಬಿಡುವ ಕವಾಟ) ತೆರೆದು ಪಂಪನ್ನು ಓಡಿಸಿದರೆ ಎಣ್ಣೆಯಲ್ಲಿ ಕರಗಿದ ಆವಿ ಬಹುಮಟ್ಟಿಗೆ ಹೊರಹೋಗುತ್ತದೆ. ಪಂಪಿನ ಹೊರದಾರಿ ಫ್ಯೂಮ್ ಹುಡ್ ಒಳಗಿರಲಿ. ಮುಂದಿನ ವರ್ಷದ ಬಜೆಟ್ಟಿನಲ್ಲಿ ಅವಕಾಶ ಸಿಕ್ಕರೆ ಟೆಫ್ಲಾನ್ ಡಯಾಫ್ರಾಮಿನ ಪಂಪು ಕೇಳಿ, ಅದರ ಹೊರದಾರಿಗೆ ಕಂಡೆನ್ಸರ್ ಇರುವಂಥದನ್ನೇ ಕೇಳಿ. ಪಂಪು ದಾಟಿದ ಆವಿ ಮತ್ತೆ ವಾತಾವರಣದ ಒತ್ತಡಕ್ಕೆ ಬರುವುದರಿಂದ ಅಲ್ಲಿ ಅದನ್ನು ಹಿಡಿಯಲು 5 ಡಿಗ್ರಿಯ ತಣ್ಣೀರೇ ಬಹಳಷ್ಟು ಕೆಲಸ ಮಾಡುತ್ತದೆ. ಎಣ್ಣೆ ಇಲ್ಲದ ಕಾರಣ ಕೆಡಲು ಎಣ್ಣೆಯೂ ಇರುವುದಿಲ್ಲ.

ಟ್ರ್ಯಾಪಿನ ದ್ರವವನ್ನು ಸಿಂಕಿಗೆ ಚೆಲ್ಲಬೇಡಿ. ಅದು ಕ್ಲೋರಿನ್‌ಯುಕ್ತ ದ್ರಾವಕದ ತ್ಯಾಜ್ಯದ ಕ್ಯಾನಿಗೆ ಹೋಗಬೇಕು, ಅದೂ ಅದೇ ದಿನ. ಹಿಂದಿನವರು ಬಿಟ್ಟುಹೋದ ದ್ರವದ ಮೇಲೆ ನಮ್ಮದು ಕೂಡುವುದು ಅಪಾಯ. ಉದಾಹರಣೆಗೆ ಅಸಿಟೋನ್ ಮತ್ತು ಕ್ಲೋರೋಫಾರ್ಮ್ ಕ್ಷಾರದ ಸಂಪರ್ಕಕ್ಕೆ ಬಂದರೆ ವಿಪರೀತ ಶಾಖ ಹುಟ್ಟುತ್ತದೆ. ಆದರೆ ಕ್ಯಾನಿಗೆ ಸುರಿಯುವ ಮೊದಲು ಒಂದು ಮಿಲಿಲೀಟರನ್ನು ಸೀಸೆಯಲ್ಲಿ ಎತ್ತಿಟ್ಟು, ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ತೋರಿಸುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ಗೆ ಕೊಡಿ. ತುಳಸಿಯಲ್ಲಿ ಯೂಜಿನಾಲ್, ಲಿನಲೂಲ್‌ಗಳಂತಹ ಸುವಾಸನೆಯ ಘಟಕಗಳಿವೆ. ಅವುಗಳ ಕುದಿಬಿಂದು ಕ್ರಮವಾಗಿ 254 ಮತ್ತು 198 ಡಿಗ್ರಿ ಎಂದು ನಿಶ್ಚಿಂತೆಯಿಂದಿರಲು ಬರುವುದಿಲ್ಲ. ದ್ರಾವಕ ಮುಗಿದ ಮೇಲೂ ಒಂದೆರಡು ಮಿಲಿಬಾರ್‌ನಲ್ಲಿ ಗಂಟೆಗಟ್ಟಲೆ ಬಿಟ್ಟರೆ ಅವೂ ಕೊಳವೆ ಬಿಟ್ಟು ಹೊರಡುತ್ತವೆ. ಮೂಸಿ ನೋಡಿ ತೀರ್ಮಾನಿಸಬೇಡಿ, ಡೈಕ್ಲೋರೋಮೀಥೇನ್‌ನ ಆವಿ ಉಸಿರಾಟಕ್ಕೆ ಹಾನಿಕರ. ಟ್ರ್ಯಾಪಿನ ದ್ರವದಲ್ಲಿ ಈ ಘಟಕಗಳ ಶಿಖರಗಳು ಕಂಡರೆ, ಕೊಳವೆ ಒಣಗಿದಂತೆ ಕಂಡ ಕೂಡಲೇ ಯಂತ್ರ ನಿಲ್ಲಿಸುವ ಅಥವಾ ಪೂರ್ತಿ ಒಣಗಿಸದೆ ಕೊನೆಯ ಅರ್ಧ ಮಿಲಿಲೀಟರ್ ಉಳಿಸಿಕೊಳ್ಳುವ ಕ್ರಮಕ್ಕೆ ಬದಲಾಗಿ. ಈವರೆಗೆ ಒಣಗಿಸಿದ ಮಾದರಿಗಳಲ್ಲಿ ಈ ಎರಡು ಘಟಕಗಳ ಪ್ರಮಾಣವನ್ನು ನೀವು ಆಗಲೇ ಕೋಷ್ಟಕಕ್ಕೆ ಏರಿಸಿದ್ದರೆ, ಗೊತ್ತಿರುವ ಪ್ರಮಾಣದ ಯೂಜಿನಾಲ್ ಸೇರಿಸಿದ ಒಂದು ಕೊಳವೆಯನ್ನು ಹಳೆಯ ಕ್ರಮದಲ್ಲೇ ಒಣಗಿಸಿ, ಎಷ್ಟು ಪಾಲು ಮರಳಿ ಸಿಗುತ್ತದೆ ಎಂದು ಅಳೆದ ನಂತರವೇ ಆ ಅಂಕಿಗಳನ್ನು ಪ್ರಬಂಧಕ್ಕೆ ಸೇರಿಸಿ.